ರುದ್ರಾಚಾರರ ಸುತ್ತಿಗೆ ಕಾವು

ಬೆಳಿಗ್ಗೆ ಕುಲುಮೆಯ ಬಾಗಿಲು ತೆಗೆದ ಧರ್ಮಾಚಾರರು ಕೂಡಲೇ ಬೆಂಕಿ ಹೊತ್ತಿಸುವುದಿಲ್ಲ. ಹಳೇ ಪಂಚೆಯ ತುಂಡನ್ನು ಹೊಂಗೆ ಎಣ್ಣೆಯಲ್ಲಿ ಅದ್ದಿ ಮೊದಲು ಅಡಿಗಲ್ಲನ್ನು ಒರೆಸುತ್ತಾರೆ. ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಆ ಉಕ್ಕಿನ ದಿಮ್ಮಿಯ ಮೇಲೆ ರಾತ್ರಿಯ ಮಂಜು ಬೆವರಿನಂತೆ ಕೂತಿರುತ್ತದೆ. ಒಂದು ದಿನ ಬಿಟ್ಟರೂ ಕೆಂಪಗೆ ತುಕ್ಕು ಏಳುತ್ತದೆ. ಒರೆಸಿದ ಮೇಲೆ ಸುತ್ತಿಗೆ ಎತ್ತಿ ಬರಿಯ ಅಡಿಗಲ್ಲಿಗೆ ಎರಡು ಏಟು ಹಾಕುತ್ತಾರೆ. ಎರಡೇ. ಆಮೇಲೆ ತಲೆ ಓರೆ ಮಾಡಿ, ಯಾರೋ ಉತ್ತರ ಕೊಡಬೇಕಾದವರು ಇದ್ದಾರೆ ಎನ್ನುವ ಹಾಗೆ ಕಾಯುತ್ತಾರೆ. ಸದ್ದು ಪೂರ್ತಿ ಅಡಗಿದ ನಂತರ ಗೋಡೆಯ ಕಾಳಿಕಾಂಬೆಯ ಪಟಕ್ಕೆ ಕೈಮುಗಿದು ಇದ್ದಿಲಿಗೆ ಬೆಂಕಿ ಇಡುತ್ತಾರೆ. ಹೋದ ವರ್ಷ ತಾಯಿಯ ಸೂತಕದಲ್ಲಿ ಹತ್ತು ದಿನ ಬೆಂಕಿ ಇರಲಿಲ್ಲ. ಎಣ್ಣೆಯೂ ಎರಡು ಏಟೂ ಮಾತ್ರ ತಪ್ಪಲಿಲ್ಲ.

ಬೆಳಗೋಡಿನಲ್ಲಿ ಬಸ್ ನಿಲ್ಲುವ ಜಾಗಕ್ಕೆ ಎದುರಾಗಿರುವ ಈ ಕುಲುಮೆಯಲ್ಲಿ ಹೊಸದು ಎನ್ನುವ ಸಾಮಾನು ಒಂದೂ ಇಲ್ಲ. ಅವರ ತಂದೆಯ ಇಕ್ಕಳ, ಸುತ್ತಿಗೆಗಳು ತಂದೆಯ ಕಾಲಕ್ಕೇ ಗುಜರಿಗೆ ಹೋಗಿದ್ದವು. ಹಾಸನದ ಒಂದು ಗೇಟು ಮಾಡುವ ಅಂಗಡಿಯಲ್ಲಿ ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ ಧರ್ಮಾಚಾರರಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಮನೆತನದ ಕಸುಬು ಬೇಕೆನ್ನಿಸಿತು. ಹಳೇ ಸಾಮಾನು ಎಲ್ಲಿದೆ ಎಂದು ಕೇಳುತ್ತಾ ಹೊರಟವರು ಯಸಳೂರಿನ ಕಡೆ ಒಂದು ಮುಚ್ಚಿದ ಕುಲುಮೆಗೆ ತಲುಪಿದರು. ಅದನ್ನು ನಡೆಸುತ್ತಿದ್ದ ರುದ್ರಾಚಾರರು ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಬೀಗ ತೆಗೆದವರು ಅವರ ಹೆಂಡತಿ ಜಗದಾಂಬ.

ಹಳೇ ಅಡಿಗಲ್ಲು ಕೊಳ್ಳುವವರು ಅದರ ಅಂದ ನೋಡಬಾರದಂತೆ. ಧರ್ಮಾಚಾರರು ಜೇಬಿನಿಂದ ಬೇರಿಂಗಿನ ಗುಂಡೊಂದನ್ನು ತೆಗೆದು ಮೇಲಿಂದ ಬಿಟ್ಟರು. ಗುಂಡು ಟಣ್ಣನೆ ಪುಟಿದು ಬಿಟ್ಟ ಕೈಯ ಹತ್ತಿರದವರೆಗೂ ಎದ್ದು ಬಂತು. ಉಕ್ಕಿನ ಹದ ಸತ್ತಿಲ್ಲ ಎಂದು ಅದರ ಅರ್ಥ. ಮನೆಗೆ ಬೆಂಕಿ ಬಿದ್ದು ಒಮ್ಮೆ ಕಾದು ತಣ್ಣಗಾದ ಅಡಿಗಲ್ಲಾಗಿದ್ದರೆ ಗುಂಡು ಪುಟಿಯದೆ ಅಲ್ಲೇ ಕೂರುತ್ತಿತ್ತು. ಇಕ್ಕಳಗಳ ಕೀಲು ಅಲುಗಾಡಿಸಿ ನೋಡಿದರು. ಗಾಳಿ ಊದುವ ತಿದಿಯ ಚರ್ಮವನ್ನು ಇಲಿ ತಿಂದಿದ್ದರಿಂದ ಅದನ್ನು ಬಿಟ್ಟರು. ಕಡೆಗೆ ಸುತ್ತಿಗೆ ಎತ್ತಿಕೊಂಡಾಗ ಜಗದಾಂಬ ಬಾಯಿ ತೆರೆದರು.

"ಕಬ್ಬಿಣ ಎಲ್ಲಾ ತಗೊಂಡೋಗಿ ಧರ್ಮಣ್ಣ. ಕಾವು ಮಾತ್ರ ನಂಗೆ ಬೇಕು."

ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಕುಲುಮೆಯವನು ಸತ್ತರೆ ಅವನ ಕಬ್ಬಿಣವನ್ನು ಯಾರಿಗೆ ಬೇಕಾದರೂ ಕೊಡಬಹುದು. ಸುತ್ತಿಗೆಯ ಕಾವನ್ನು, ಅಂದರೆ ಅದರ ಮರದ ಹಿಡಿಯನ್ನು, ಮಾತ್ರ ಕೊಡಬಾರದು. ವರ್ಷದ ಕಾರ್ಯದ ದಿನ ಅದನ್ನು ಒಲೆಗೆ ಇಟ್ಟು, ಆ ಉರಿಯಲ್ಲಿ ಹಾಲು ಕಾಯಿಸಿ ಪಾಯಸ ಮಾಡಿ ಎಡೆ ಇಡಬೇಕು. ಬದುಕಿರುವವರೆಗೂ ಹಿಡಿದದ್ದನ್ನು ಅವನು ಆಗ ಬಿಡುತ್ತಾನೆ ಎಂದು ನಂಬಿಕೆ.

ಹಳೇ ಕಾಫಿ ಗಿಡದ ಕಾಂಡದ ಕಾವು ಅದು. ಮೇಲಿನ ಬೆಣೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೊರಗೆ ಪಿಕಪ್ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. "ಮನೇಲಿ ಬಿಚ್ಚಿ, ವರ್ಷದ ಕಾರ್ಯದೊಳ್ಗೆ ನಾನೇ ತಂದ್ಕೊಡ್ತೀನಿ ಜಗದಾಂಬಕ್ಕ" ಎಂದು ಧರ್ಮಾಚಾರರು ಮಾತು ಕೊಟ್ಟರು.

ತಂದ ಸಾಮಾನನ್ನು ಅವರು ಮಗುವಿನ ಹಾಗೆ ನೋಡಿಕೊಂಡರು. ಇಕ್ಕಳಗಳನ್ನು ಎರಡು ದಿನ ಹುಣಸೆ ನೀರಿನಲ್ಲಿ ನೆನೆಹಾಕಿ ತೆಂಗಿನ ನಾರಿನಿಂದ ಉಜ್ಜಿದರು. ಅಡಿಗಲ್ಲಿನ ಅಂಚಿನ ಮುಕ್ಕುಗಳನ್ನು ಅರದಿಂದ ಮೆಲ್ಲಗೆ ತೀಡಿದರು. ಯಂತ್ರದಲ್ಲಿ ಉಜ್ಜಿ ಅದರ ಮುಖ ಬಿಸಿಯಾಗಲು ಬಿಡಲಿಲ್ಲ. ಸುತ್ತಿಗೆಯ ಸರದಿ ಬಂದಾಗ, ಕಾವು ಬಿಚ್ಚುವ ಮುಂಚೆ ಗಿಡ ಸವರುವ ಒಂದು ಕತ್ತಿ ಬಡಿದು ನೋಡೋಣ ಎಂದುಕೊಂಡರು.

ಅವತ್ತಿನ ವಿಷಯವನ್ನು ಅವರ ಹೆಂಡತಿ ಸುಮನಾ ನನಗೆ ಹೇಳಿದ್ದು ಬತ್ತಿ ಹೊಸೆಯುತ್ತ ಕೂತಿದ್ದಾಗ. ಅಡುಗೆಮನೆಯಲ್ಲಿದ್ದ ಅವಳಿಗೆ ಎರಡು ಭಾರದ ಏಟು ಕೇಳಿಸಿತಂತೆ. ಹಿಂದೆಯೇ, ಬರಿಯ ಅಡಿಗಲ್ಲಿನ ಅಂಚಿಗೆ ಬೆರಳಿನಿಂದ ಬಾಗಿಲು ತಟ್ಟಿದಷ್ಟು ಹಗುರವಾಗಿ ಒಂದು. ಮತ್ತೆ ಎರಡು ಭಾರ, ಒಂದು ಹಗುರ.

"ಇದ್ಯಾರ ಏಟು? ನಿಮ್ದಲ್ಲ" ಎಂದು ಅವಳು ಬಂದು ಕೇಳಿದಳು.

"ನಂದೇ ಕಣೆ. ಕಾವಿನ ಬುದ್ಧಿ."

ಅದಕ್ಕೆ ಕಾರಣವಿತ್ತು. ರುದ್ರಾಚಾರರ ಬಲಗೈ ಹೆಬ್ಬೆರಳಿನ ತುದಿ ಚಿಕ್ಕಂದಿನಲ್ಲೇ ಕತ್ತರಿಸಿಹೋಗಿತ್ತು. ಎರಡು ಏಟಿಗೆ ಅವರ ಹಿಡಿತ ಸಡಿಲವಾಗುತ್ತಿತ್ತು. ಮೂರನೆಯದನ್ನು ಸುಮ್ಮನೆ ಬೀಳಬಿಟ್ಟು ಮತ್ತೆ ಹಿಡಿ ಸರಿಮಾಡಿಕೊಳ್ಳುತ್ತಿದ್ದರು. ನಲವತ್ತು ವರ್ಷದಲ್ಲಿ ಕಾವು ಆ ಮೊಂಡು ಬೆರಳಿಗೆ ತಕ್ಕಂತೆ ಸವೆದುಹೋಗಿತ್ತು. ಅದನ್ನು ಹಿಡಿದ ಧರ್ಮಾಚಾರರ ಹೆಬ್ಬೆರಳಿಗೂ ಜಾಗವಿರಲಿಲ್ಲ; ಎರಡು ಏಟಿಗೆ ಅವರ ಹಿಡಿತವೂ ಸಡಿಲವಾಗುತ್ತಿತ್ತು. ಕಾರಣ ಗೊತ್ತಿದ್ದರೂ, ಒಬ್ಬರೇ ಇರುವಾಗ ಆ ಮೂರನೆಯ ಏಟು ಬಿದ್ದರೆ ಹಿಂದೆ ತಿರುಗಿ ನೋಡುತ್ತಿದ್ದೆ ಎಂದು ಅವರೇ ಹೇಳುತ್ತಾರೆ.

ಆದರೆ ಕತ್ತಿಗಳು ಅದ್ಭುತವಾಗಿ ಬಂದವು. ಮೂತಿ ಬಲಕ್ಕೆ ಒಂದು ಎಳೆ ಬಾಗಿದ, ಕಾಫಿ ಗಿಡದ ಕವಲಿಗೆ ಸಲೀಸಾಗಿ ನುಗ್ಗುವ ಕತ್ತಿಗಳು. ಅಂಥದ್ದನ್ನು ಧರ್ಮಾಚಾರರು ಹಿಂದೆಂದೂ ಮಾಡಿದವರಲ್ಲ. ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ರಾಜಶೇಖರ್ ಒಂದನ್ನು ಎತ್ತಿ ತಿರುಗಿಸಿ ನೋಡಿ ಹುಬ್ಬೇರಿಸಿದರು.

"ಇದು ರುದ್ರಾಚಾರ್ರ ಕತ್ತಿ ಅಲ್ವೇನ್ರೀ? ಏನ್ ಮಾರಾಯ್ರೆ, ಸತ್ತೋರ ಕೈಲೂ ಕೆಲ್ಸ ಮಾಡುಸ್ಬುಟ್ರಲ್ಲ! ಊಟನಾದ್ರೂ ಹಾಕ್ತೀರೋ ಇಲ್ವೋ?"

ಸುತ್ತ ನಿಂತವರೆಲ್ಲ ನಕ್ಕರು. ಧರ್ಮಾಚಾರರೂ ನಕ್ಕರು. ಅವತ್ತು ಮಧ್ಯಾಹ್ನ ಅವರಿಗೆ ಊಟ ಸೇರಲಿಲ್ಲ.

ಈ ಅಮಾವಾಸ್ಯೆ ಕಳೆಯಲಿ, ಈ ಆರ್ಡರ್ ಮುಗಿಯಲಿ ಎನ್ನುತ್ತಾ ವರ್ಷದ ಕಾರ್ಯದ ದಿನ ಕಳೆದುಹೋಯಿತು. ಆಮೇಲೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಸುಮನಾ ನೆನಪಿಸಿದಳು, ಬೈದಳು, ಕಡೆಗೆ ಮಾತಾಡುವುದನ್ನೇ ಬಿಟ್ಟಳು. ಕುಲುಮೆಯಲ್ಲಿ ಎರಡು ಭಾರ, ಒಂದು ಹಗುರ ನಡೆದೇ ಇತ್ತು. ದೇವರ ಮುಂದೆ ಆಡಿದ್ದಲ್ಲದಿದ್ದರೂ ಮಾತು ಮಾತೇ. ಅದು ಮನೆಯಲ್ಲಿ ಎಲ್ಲೋ ಕೂತು ನಮ್ಮನ್ನು ನೋಡುತ್ತಿರುತ್ತದೆ.

ಎರಡನೆಯ ವರ್ಷದ ಕಾರ್ಯಕ್ಕೆ ಒಂದು ವಾರ ಉಳಿದಿರುವಾಗ, ಬೆಳಿಗ್ಗೆ ಹನ್ನೊಂದರ ಬಸ್ಸಿನಿಂದ ಜಗದಾಂಬ ಇಳಿದರು. ಬಸ್ಸು ಹೊರಟುಹೋದರೂ ಅವರು ರಸ್ತೆ ದಾಟಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತರು. ಕೆಂಪಗೆ ಕಾದ ಕತ್ತಿಯನ್ನು ಬಡಿಯುತ್ತಿದ್ದ ಧರ್ಮಾಚಾರರು ತಲೆ ಎತ್ತಿ ನೋಡಿದರು. ಕೈ ನಿಂತುಹೋಯಿತು.

ಜಗದಾಂಬ ನಿಧಾನವಾಗಿ ದಾಟಿ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. "ನಿಲ್ಲಿಸ್ಬ್ಯಾಡಿ. ಕಬ್ಬಿಣ ತಣ್ಣಗಾಯ್ತದೆ" ಎಂದರು.

ಧರ್ಮಾಚಾರರು ಬಡಿದರು. ಜಗದಾಂಬ ಕಣ್ಣು ಮುಚ್ಚಿದ್ದರು. ಪ್ರತಿ ಸಲ ಹಗುರದ ಏಟು ಬೀಳುವ ಸ್ವಲ್ಪ ಮುಂಚೆ, ಮಡಿಲಲ್ಲಿದ್ದ ಅವರ ಬೆರಳು ತಾನಾಗಿ ಚೀಲದ ಮೇಲೆ ಒಂದು ಸಲ ತಟ್ಟುತ್ತಿತ್ತು. ಕತ್ತಿ ನೀರಿಗೆ ಬಿದ್ದು ಚುಂಯ್ ಎಂದ ಮೇಲೆ ಅವರು ಕಣ್ಣು ತೆರೆದರು.

"ಕೇಳ್ಬೇಕು ಅಂತ್ಲೇ ಬಂದೆ. ಹೋದ್ವರ್ಷ ಬ್ಯಾರೆ ಸೌದೇಲಿ ಹಾಲು ಇಟ್ಟೆ. ಒಡ್ದೋಯ್ತು. ಮತ್ತೆ ಇಟ್ಟೆ, ಅದೂ ಒಡ್ದೋಯ್ತು. ಮಕ್ಕಳಿಗೆ ಹೇಳ್ಲಿಲ್ಲ. ಎಡೆ ಏನೋ ಹಾಕ್ದೆ, ಇವ್ರು ಬರ್ಲಿಲ್ಲ ಅನ್ನುಸ್ತು. ಇಲ್ಲಿದ್ರಲ್ಲ, ಅಲ್ಲಿಗೆ ಹೆಂಗೆ ಬಂದಾರು?"

ಧರ್ಮಾಚಾರರು ತಲೆ ತಗ್ಗಿಸಿದರು. "ತಪ್ಪಾಯ್ತಕ್ಕ. ಈಗ್ಲೇ ಬಿಚ್ತೀನಿ."

"ತಡೀರಿ." ಜಗದಾಂಬ ಕೈ ಅಡ್ಡ ಹಿಡಿದರು. "ರಸ್ತೇಲಿ ನಿಂತು ಕೇಳಿದ್ಮೇಲೆ ನನ್ ಮನಸ್ಸೇ ತಿರುಗೋಯ್ತು. ಅದು ಸುಟ್ಟೋದ್ರೆ ಈ ಸದ್ದೂ ಹೋಯ್ತದಲ್ಲ. ನೀವೇ ಇಟ್ಕೊಳ್ಳಿ. ಮಾತು ಕೊಟ್ಟಿದ್ದನ್ನ ನಾನು ಮರ್ತ್ಬುಟ್ಟೆ ಅಂದ್ಕೊಳ್ಳಿ. ತಿಂಗ್ಳಿಗೊಂದ್ಸಲ ಬಸ್ ಹತ್ಕೊಂಡು ಬಂದು ಈ ಬೆಂಚ್ ಮೇಲೆ ಕೂತಿದ್ದು ಹೋಗ್ತೀನಿ. ಯಾರ್ಗೂ ಹೇಳಲ್ಲ."

ಕಾಫಿ ಲೋಟ ಹಿಡಿದು ಒಳಬಾಗಿಲಲ್ಲಿ ನಿಂತಿದ್ದ ಸುಮನಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಮೂಲೆಯಲ್ಲಿ ಬಡಿಯಬೇಕಾದ ಕತ್ತಿಗಳ ಉಕ್ಕಿನ ಪಟ್ಟಿಗಳು ರಾಶಿ ಬಿದ್ದಿದ್ದವು. ಎಲ್ಲವನ್ನೂ ಜನ ಕೇಳಿದ್ದು ರುದ್ರಾಚಾರರ ಕತ್ತಿ ಎಂದೇ. ಧರ್ಮಾಚಾರರು ಒಂದು ಗಳಿಗೆ ಸುತ್ತಿಗೆಯನ್ನು ಕೈಯಲ್ಲಿ ತೂಗಿದರು. ಬೆರಳುಗಳು ತಾವಾಗಿಯೇ ಆ ಸವೆದ ಜಾಗದಲ್ಲಿ ಹೋಗಿ ಕೂತವು.

ಆಮೇಲೆ ಅವರು ಉಳಿ ಇಟ್ಟು ಬೆಣೆ ಕಿತ್ತರು. ಸುತ್ತಿಗೆಯ ತಲೆ ಕಳಚಿ ನೆಲಕ್ಕೆ ಬಿತ್ತು. ಎಣ್ಣೆ ಕುಡಿದು ಕರ್ರಗಾಗಿದ್ದ ಕಾವನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ, ಎರಡೂ ಕೈಯಿಂದ ಜಗದಾಂಬರ ಮಡಿಲಲ್ಲಿ ಇಟ್ಟರು.

"ಬ್ಯಾಡ ಜಗದಾಂಬಕ್ಕ. ಸಂಜೆ ಆದ್ರೆ ನಾನು ಕೈ ತೊಳ್ಕೊಂಡು ಒಳಗೆ ಹೋಗ್ತೀನಿ. ಅವ್ರು ಒಂದೂಕಾಲು ವರ್ಷದಿಂದ ನನ್ ಕೆಲ್ಸ ಮಾಡ್ಕೊಂಡು ಇಲ್ಲೇ ನಿಂತವ್ರೆ. ಮನೆಗೆ ಕರ್ಕೊಂಡೋಗಿ."