ಕೇಜಿನ ನೆತ್ತಿಯ ಮೇಲೆ ಕೋದಂಡಪ್ಪ

ಬೆಳಗಿನ ಸೈರನ್ ಇನ್ನೂ ಕೂಗಿಲ್ಲ. ನಂದಿದುರ್ಗದ ಚಿನ್ನದ ಗಣಿಬಾವಿಯ ಬಾಯಲ್ಲಿ ಕೋದಂಡಪ್ಪನವರು ಕೇಜಿನ ನೆತ್ತಿಯ ಮೇಲೆ ಹತ್ತಿ ನಿಂತಿದ್ದಾರೆ. ಆಳುಗಳನ್ನು ಕೆಳಗಿಳಿಸುವ ಕಬ್ಬಿಣದ ಗೂಡು ಅದು. ಸೊಂಟಕ್ಕೆ ಬೆಲ್ಟು, ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಅಳತೆಕೋಲು. ಅವರ ಕೆಲಸ ನೋಡಿ ಬರೆಯಲು ಬಂದ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಬಾವಿಯ ಉದ್ದಕ್ಕೂ ಎದುರುಬದುರಾಗಿ ಮರದ ಪಟ್ಟಿಗಳನ್ನು ಜಡಿದಿದ್ದಾರೆ. ಕೇಜು ಜಾರುವುದು ಅವುಗಳ ನಡುವೆ. ಅವು ಎಲ್ಲೂ ಹತ್ತಿರ ಸರಿಯಬಾರದು, ಎಲ್ಲೂ ದೂರ ಹೋಗಬಾರದು. ಸಮಾನಾಂತರ ಎಂದು ನಾವು ಶಾಲೆಯಲ್ಲಿ ಗೀಟೆಳೆದು ಮರೆತಿದ್ದೇವಲ್ಲ, ಇಲ್ಲಿ ಅದು ಪ್ರಾಣದ ಮಾತು. ಒಳಗೆ ಬಂಡೆ ಸಿಡಿದರೆ ಪಟ್ಟಿ ಸೊಟ್ಟಗಾಗುತ್ತದೆ. ನಿನ್ನೆ ಸಂಜೆ ಸಿಡಿದಿದೆ. ಗಣಿಯಾಳುಗಳ ಲೈನ್ ಮನೆಗಳಲ್ಲಿ ಪಾತ್ರೆಗಳೆಲ್ಲ ಉರುಳಿ ಬಿದ್ದಿವೆ.

ಕ್ಯಾಸಂಬಳ್ಳಿ ಕಡೆಯ ಕೋದಂಡಪ್ಪನವರು ಗಣಿಗೆ ಬಂದದ್ದು ಮರಗೆಲಸಕ್ಕೆ. ಈ ಪಟ್ಟಿ ಅಳೆದು ನೋಡುವ ಕೆಲಸ ಹಿಡಿದ ಮೇಲೆ ನೆಮ್ಮದಿಯಾಗಿ ಕೂತದ್ದೇ ಇಲ್ಲ ಎಂದು ಹೆಂಡತಿ ಕದಿರಮ್ಮ ರೇಗುತ್ತಾರೆ. "ಮಂಚದ ಪಟ್ಟಿ ಅಳೀತಾನೆ, ಬಾಗ್ಲ ಚೌಕಟ್ಟು ಅಳೀತಾನೆ. ತಂಗಿ ಮದ್ವೇಲಿ ಚಪ್ಪರದ ಗಳ ಅಲ್ಲಾಡಿಸ್ಕೊಂಡು ನಿಂತಿದ್ದ ಸಾಮಿ, ಧಾರೆ ಎರೆಯೋವಾಗ್ಲೂ!"

ಅವರನ್ನು ನೆತ್ತಿಯ ಮೇಲೆ ಹೊತ್ತು ಬಾವಿಗೆ ಇಳಿದಿದ್ದ ಕೇಜು ಮೇಲೆ ಬರುತ್ತದೆ. ಕೋದಂಡಪ್ಪನವರ ಮುಖ ಬೆವೆತಿದೆ. "ಒಂದು ಪಟ್ಟಿ ಒಳಕ್ಕೆ ತಳ್ಕೊಂಡೈತೆ. ಯಾರೂ ಇಳಿಯಂಗಿಲ್ಲ."

ಕಾದು ನಿಂತ ಆಳುಗಳಲ್ಲಿ ಗುಜುಗುಜು. ಹಿಂದಿನಿಂದ ಯಾರೋ "ಸೀಕ್ರಂ ಅಣ್ಣೇ!" ಎಂದು ತಮಿಳಿನಲ್ಲಿ ಅವಸರಪಡಿಸುತ್ತಾರೆ. ಮುಂದೆ ನಿಂತವನು ಕೋದಂಡಪ್ಪನವರ ಸ್ವಂತ ತಮ್ಮ ಮುನಿಶಾಮಪ್ಪ. "ಒಸಿ ಅಲ್ವೇನಣ್ಣಾ? ನಿಧಾನಕ್ಕೆ ಇಳಿಸಿದ್ರಾಯ್ತು!"

"ಒಸೀನೇ ಕಣ್ಲಾ. ಅಷ್ಟು ಸಾಕು ಕೇಜು ಕಚ್ಕೊಳ್ಳೋಕೆ," ಎನ್ನುತ್ತಲೇ ಅವರು ಬಡಗಿಗಳನ್ನು ಕರೆದುಕೊಂಡು ಮತ್ತೆ ಇಳಿಯುತ್ತಾರೆ.

ಬಿಸಿಲು ಏರುವ ಹೊತ್ತಿಗೆ ಮೇಲೆ ಬಂದು "ಸರಿಯಾಗೈತೆ" ಎನ್ನುತ್ತಾರೆ. ಅಷ್ಟಂದರೆ ಸಾಲದು. ಸರಿ ಎಂದವನು ಮೊದಲ ಕೇಜಿನಲ್ಲಿ ತಾನೂ ಇಳಿಯಬೇಕು. ಇದು ಯಾವ ಸಾಹೇಬನೂ ಮಾಡಿದ ಕಾನೂನಲ್ಲ, ಆಳುಗಳೇ ಇಟ್ಟುಕೊಂಡ ಪದ್ಧತಿ. ಇವತ್ತು ಅದೇ ಕೇಜಿಗೆ ತಮ್ಮನೂ ನುಗ್ಗಿದ್ದಾನೆ. ಅಣ್ಣ ಅಳತೆಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆಯುತ್ತಾರೆ.

ಅವರು ಹತ್ತುವ ಮುನ್ನ ಕೇಳುತ್ತೇನೆ: ಏನಾದರೂ ಆಸೆ?

"ಎಲ್ರೂ ಮನೆ, ಮಕ್ಳು ಅಂತ ಮಾತಾಡ್ಕೊಂಡು ಇಳೀತಾರೆ ಸಾಮಿ. ನನ್ ಕಿವಿ ಪಟ್ಟಿ ಸದ್ದಿನ ಮೇಲೇನೇ ಇರ್ತದೆ. ಒಂದಿನ ನಾನೂ ಅಂಗೇ ಮಾತಾಡ್ತಾ ಓಗ್ಬೇಕು."

ಬಾಗಿಲು ಹಾಕುತ್ತಾರೆ. ಒಳಗೆ ಮುನಿಶಾಮಪ್ಪ ಏನೋ ತಮಾಷೆ ತೆಗೆಯುತ್ತಾನೆ, ಎಲ್ಲರೂ ನಗುತ್ತಾರೆ. ಕೇಜು ಇಳಿಯತೊಡಗಿದಾಗ ಕೋದಂಡಪ್ಪನವರ ದನಿಯೊಂದೇ ಮೇಲಕ್ಕೆ ಕೇಳುತ್ತದೆ:

"ಸುಮ್ಕಿರ್ಲಾ ಒಸಿ. ಕೇಳಿಸ್ಕೋಬೇಕು."