ಇಲ್ಲ ಅಂತ ಬರೆದವರಿಗೆಲ್ಲ ಪಥ್ಯ

ಆಸ್ಪತ್ರೆಯ ಅಡುಗೆಮನೆಗೆ ಪ್ರೋಗ್ರಾಂ ಬರೆದುಕೊಟ್ಟವರು ಅಲ್ಲಿನ ಟೈಪಿಸ್ಟ್ ಮೇಡಂ. ಇಪ್ಪತ್ತೈದು ವರ್ಷ ಬೇರೆಯವರ ಮಾತನ್ನೇ ಟೈಪ್ ಮಾಡಿ ಬೇಸತ್ತು, ಐವತ್ತರ ಹೊಸ್ತಿಲಲ್ಲಿ ಕೋಡಿಂಗ್ ಕಲಿತ ಗಟ್ಟಿಗಿತ್ತಿ.

ರೋಗಿಗಳು ತುಂಬುವ ಅರ್ಜಿಯಲ್ಲಿ ಒಂದು ಖಾನೆ: "ನಿಮಗೆ ಒಗ್ಗದ ಆಹಾರ?" ಖಾನೆ ಖಾಲಿಯಿದ್ದರೆ ಮಾಮೂಲಿ ಊಟ, ತುಂಬಿದ್ದರೆ ಪಥ್ಯ. ಎರಡೇ ಸಾಲಿನ ಕೋಡು. ಮೇಡಂ ಅದನ್ನು ನೋಡಿ ನೋಡಿ ಖುಷಿಪಟ್ಟಿದ್ದರು.

ಮೊದಲ ದಿನವೇ ಅಡುಗೆಯವರು ಸೌಟು ಹಿಡಿದೇ ಬಂದರು.

"ಮೇಡಂ, ನಲವತ್ತೆರಡು ಜನದಲ್ಲಿ ಮೂವತ್ತೇಳು ಜನಕ್ಕೆ ಪಥ್ಯ ಅಂತಿದೆ!"

"ಕಂಪ್ಯೂಟರ್ ಸುಳ್ಳು ಹೇಳಲ್ಲ. ಬಡಿಸಿ."

ಹತ್ತು ನಿಮಿಷಕ್ಕೆ ಫೋನು. ಮಂಡಿ ಆಪರೇಷನ್ನಿಗೆ ಸೇರಿದ್ದ ಅವರ ಸ್ವಂತ ಅಕ್ಕ.

"ಏನೇ, ಉಪ್ಪಿಲ್ಲದ ಸೋರೆಕಾಯಿ ಕಳಿಸಿದ್ದೀಯಲ್ಲ, ಯಾವ ಜನ್ಮದ ಹಗೆ ಇದು?"

"ಅರ್ಜಿಯಲ್ಲಿ ಏನು ಬರೆದೆ ಅಕ್ಕ?"

"ಅಂಥದ್ದೇನೂ ಇಲ್ಲ, ಎಲ್ಲ ತಿಂತೀನಿ, ಸ್ವಲ್ಪ ಜಾಸ್ತಿನೇ ಕಳಿಸಿ ಅಂತ."

ಮೇಡಂ ಹಣೆ ಚಚ್ಚಿಕೊಂಡು ಅಕ್ಕನಿಗೆ ವಿವರಿಸಿದರು. ಕೋಡಿಗೆ ಅರ್ಥ ಬೇಕಿರಲಿಲ್ಲ. ಖಾನೆಯಲ್ಲಿ ಒಂದಕ್ಷರ ಇದ್ದರೂ ಅದರ ಲೆಕ್ಕದಲ್ಲಿ 'ಹೌದು'. ಆ ಅಕ್ಷರಗಳು 'ಇಲ್ಲ' ಅಂತಲೇ ಇದ್ದರೂ ಅಷ್ಟೇ.

"ಅಂದ್ರೆ ನಾನು ಇಲ್ಲ ಅಂದ್ರೂ ಅದಕ್ಕೆ ಹೌದಾ?"

"ಹೂಂ. ಬಾಯಿ ಬಿಟ್ರೆ ಹೌದು, ಸುಮ್ಮನಿದ್ರೆ ಇಲ್ಲ."

"ನಿಮ್ಮ ಭಾವನ ಥರಾನೇ ಕಣೆ. ಮೊದಲು ಊಟ ಕಳಿಸು!"

ನಗು ಬರುವಷ್ಟರಲ್ಲೇ ಮೇಡಂಗೆ ಇನ್ನೊಂದು ಹೊಳೆಯಿತು. ಹಾಗಾದರೆ ಖಾಲಿ ಬಿಟ್ಟ ಐದು ಜನ? ಚಪ್ಪಲಿಯನ್ನೂ ಮೆಟ್ಟದೆ ವಾರ್ಡಿಗೆ ಓಡಿದರು. ನಾಲ್ವರಿಗೆ ನಿಜವಾಗಿಯೂ ಏನೂ ಇರಲಿಲ್ಲ. ಐದನೆಯವರು ಒಬ್ಬ ಅಜ್ಜಿ, ಕಡಲೆಕಾಯಿ ಚಟ್ನಿಗೆ ಬೆರಳು ಅದ್ದುವುದರಲ್ಲಿದ್ದರು.

"ಅಜ್ಜಿ, ಕಡಲೆಕಾಯಿ ನಿಮಗೆ ಒಗ್ಗುತ್ತಾ?"

"ಅಯ್ಯೋ, ತಿಂದ್ರೆ ಗಂಟಲು ಊದ್ಕೊಳ್ಳುತ್ತೆ."

"ಮತ್ತೆ ಬರೀಲಿಲ್ವಲ್ಲ!"

"ಕನ್ನಡಕ ಮನೇಲೇ ಬಿಟ್ಟು ಬಂದಿದ್ದೆ ಕಣಮ್ಮ."

ಮೇಡಂ ತಟ್ಟೆಯನ್ನೇ ಎತ್ತಿಕೊಂಡರು. ಅಜ್ಜಿ ದುರುಗುಟ್ಟಿ ನೋಡಿದರೂ ಬಿಡಲಿಲ್ಲ.

ಮಧ್ಯಾಹ್ನವಿಡೀ ಕೂತು ಕೋಡು ತಿದ್ದಿದರು. ಈಗ 'ಇದೆ', 'ಇಲ್ಲ' ಅಂತ ಎರಡು ಗುಂಡಿ. ಎರಡರಲ್ಲಿ ಒಂದನ್ನು ಒತ್ತದಿದ್ದರೆ ಅರ್ಜಿ ಮುಂದಕ್ಕೇ ಹೋಗದು. ಸುಮ್ಮನಿದ್ದವರನ್ನು ನರ್ಸ್ ಹೋಗಿ ಕೇಳಲೇಬೇಕು.

ಮರುದಿನ ಪಥ್ಯ ಬಂದದ್ದು ಆರೇ ಜನಕ್ಕೆ. ದೂರು ಬಂದದ್ದು ಒಂದೇ, ಕಿಟಕಿ ಪಕ್ಕದ ನಿವೃತ್ತ ಬಸ್ ಕಂಡಕ್ಟರರದ್ದು: "ನಿನ್ನೆಯ ಸೋರೆಕಾಯಿ ಚೆನ್ನಾಗಿತ್ತು. ಅದು ಬೇಕಂದ್ರೆ ಯಾವ ಗುಂಡಿ ಒತ್ಲಿ?"