ಅಕ್ಕನ ಹರಕೆ, ಗ್ರೀಕರ ಕೈ

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಶಿವಮೊಗ್ಗದಲ್ಲಿ ಕಡಿಮೆ. (ಪೈಪು, ನಲ್ಲಿ ಮಾರುವವನು ನಾನು. ಚೌಕಾಸಿ ಬಾರದಿದ್ದರೆ ಅಂಗಡಿ ಎಂದೋ ಮುಚ್ಚುತ್ತಿತ್ತು.) ಆದರೆ ಹೋದ ವಾರ ಗಾಂಧಿ ಬಜಾರಿನಲ್ಲಿ ಒಂದು ಬೆಳ್ಳಿಯ ಕೈ ಕೊಳ್ಳಲು ಹೋಗಿ, ಗೆದ್ದೂ ಸೋತೆ.

ಕೈ ಬೇಕಾಗಿದ್ದು ಭದ್ರಾವತಿಯ ಅಕ್ಕನ ಹರಕೆಗೆ. ಅಕ್ಕ ರವಿಕೆ ಹೊಲಿಯುತ್ತಾಳೆ. ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಮಡಚುತ್ತಿಲ್ಲ. ಕತ್ತರಿ ಹಿಡಿಯಲಾಗದ ಟೈಲರ್ ಬದುಕುವುದು ಹೇಗೆ? ಮನೆದೇವರು ವೀರಭದ್ರನಿಗೆ ಬೆಳ್ಳಿ ಕೈ ಒಪ್ಪಿಸುತ್ತೇನೆ ಅಂತ ಹರಕೆ ಹೊತ್ತಳು. ಕಣ್ಣು ನೋವಾದರೆ ಕಣ್ಣು, ಕಾಲು ನೋವಾದರೆ ಕಾಲು. ನಮ್ಮಲ್ಲಿ ಇದೇನು ಹೊಸದೇ?

"ಕೈ ಸರಿಹೋಗಲಿ, ಆಮೇಲೆ ಕೊಡು ಅಕ್ಕ. ಕೆಲಸ ಮುಗಿಯೋಕೆ ಮುಂಚೆ ಯಾರಾದ್ರೂ ಫುಲ್ ಪೇಮೆಂಟ್ ಮಾಡ್ತಾರಾ?" ಅಂದೆ ಫೋನಿನಲ್ಲಿ.

"ವೀರಭದ್ರ ಏನು ನಿನ್ನ ಪ್ಲಂಬರ್ ಏನೋ? ಸುಮ್ಮನೆ ತಗೊಂಡು ಬಾ ಮಾರಾಯ."

ಹೋದೆ. ತೂಕಕ್ಕೆ ಜಗಳವಾಡಿದೆ, ಕೂಲಿಗೆ ಜಗಳವಾಡಿದೆ, ಎರಡು ಸಲ ಎದ್ದು ಹೊರಟಂತೆ ಮಾಡಿದೆ. ಕೊನೆಗೆ ಬೆಳ್ಳಿ ಅಂಗಡಿಯ ಸೇಠು ಕೈಮುಗಿದು, "ತಗೊಂಡು ಹೋಗಿ ಸ್ವಾಮಿ" ಅಂತ ಪೇಪರಿನಲ್ಲಿ ಸುತ್ತಿಕೊಟ್ಟ. ಗೆದ್ದ ಖುಷಿಯಲ್ಲಿ ಸ್ಕೂಟರ್ ಭದ್ರಾವತಿಗೆ ಓಡಿದ್ದೇ ಗೊತ್ತಾಗಲಿಲ್ಲ.

ಅಕ್ಕ ಸ್ಪಾಂಜ್ ಚೆಂಡು ಅಮುಕುತ್ತಾ ಕೂತಿದ್ದಳು. ಚೆಂಡು ತಗ್ಗುತ್ತಿರಲಿಲ್ಲ, ತುಟಿ ಮಾತ್ರ ಬಿಗಿಯಾಗುತ್ತಿತ್ತು. ಅವಳ ಮಗಳು ರಶ್ಮಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ನಾನು ಕೂರುವಷ್ಟರಲ್ಲಿ ಮೊಬೈಲ್ ಮುಂದೆ ಹಿಡಿದಳು.

"ಇಲ್ನೋಡಿ ಮಾಮ."

ಮ್ಯೂಸಿಯಂ ಫೋಟೊ. ಕಪಾಟಿನ ತುಂಬ ಮಣ್ಣಿನ ಕೈ, ಕಾಲು, ಕಿವಿ.

"ಯಾವ ದೇವಸ್ಥಾನದ್ದೇ?"

"ಗ್ರೀಸ್‌ದು. ಎರಡು ಸಾವಿರ ವರ್ಷಕ್ಕೂ ಹಳೇದು. ಅಸ್ಕ್ಲೀಪಿಯಸ್ ಅಂತ ಅವರ ವೈದ್ಯ ದೇವರು. ಅಮ್ಮನ ಡಾಕ್ಟರ್ ಚೀಟಿ ಮೇಲೆ ಕೋಲಿಗೆ ಹಾವು ಸುತ್ತಿದೆಯಲ್ಲ, ಅದು ಅವನದೇ ಕೋಲು. ರೋಗಿಗಳು ಅವನ ಗುಡಿಯಲ್ಲೇ ಮಲಗೋರು. ಕನಸಲ್ಲಿ ಬಂದು ವಾಸಿ ಮಾಡ್ತಾನೆ ಅಂತ ನಂಬಿಕೆ. ವಾಸಿಯಾದ ಮೇಲೆ ಹೀಗೆ ಕೈಯೋ ಕಾಲೋ ಮಾಡಿಸಿ ಕೊಡೋರು."

"ವಾಸಿಯಾದ ಮೇಲೆ! ಕೇಳಿಸ್ತಾ ಅಕ್ಕ?" ಅಂದೆ. ಗ್ರೀಕರು ನಮ್ಮ ಲೈನಿನವರೇ ಅನ್ನಿಸಿಬಿಟ್ಟಿತು. ರಶ್ಮಿ ಹೇಳಿದಳು, ಬಲಿ ಕೊಟ್ಟಾಗ ಮೂಳೆಗೆ ಕೊಬ್ಬು ಸುತ್ತಿ ದೇವರಿಗೆ ಕೊಟ್ಟು, ಮಾಂಸ ತಾವು ಇಟ್ಟುಕೊಳ್ಳುತ್ತಿದ್ದರಂತೆ. ಅವರ ದೊಡ್ಡ ದೇವರು ಜ್ಯೂಸ್‌ಗೂ ಹೆಂಡತಿಗೂ ದಿನಾ ಜಗಳವಂತೆ. ಇಂಥ ದೇವರಾದರೆ ಯಾರಿಗೆ ಮಾತಾಡಲು ಹೆದರಿಕೆ?

ಆದರೆ ಫೋಟೊದಿಂದ ಕಣ್ಣು ಕೀಳಲಾಗಲಿಲ್ಲ. ಆ ವೈದ್ಯ ದೇವರಿಗೆ ಇವತ್ತು ಹಳೆಯ ಹಾಗೆ ಬಲಿ ಇಲ್ಲ, ಜಾತ್ರೆ ಇಲ್ಲ. ದೇವರು ಹೋದ, ಕೈ ಉಳಿಯಿತು. ಯಾರದೋ ನೋವು, ಇಲ್ಲಿ ಇಲ್ಲೇ ಅಂತ ಇನ್ನೂ ತೋರಿಸುತ್ತಾ ಕೂತಿದೆ. ಮನುಷ್ಯ ಹುಡುಕಿದ್ದು ಬಹುಶಃ ಇಷ್ಟೇ: ಎಲ್ಲಿ ನೋಯುತ್ತಿದೆ ಅಂತ ಬೆರಳಿಟ್ಟು ತೋರಿಸಬಹುದಾದ ಒಬ್ಬನನ್ನು.

ಅಷ್ಟರಲ್ಲಿ ಅಕ್ಕ ಪೇಪರ್ ಬಿಚ್ಚಿದಳು.

"ಇದು ಎಡಗೈ ಕಣೋ."

ನೋಡಿದೆ. ಹೌದು. ಬೆಳ್ಳಿ ತಗಡಿನ ಮೇಲೆ ಅಂಗೈ ರೇಖೆಯೆಲ್ಲ ಚೆನ್ನಾಗಿ ಎದ್ದಿದೆ, ಹೆಬ್ಬೆರಳು ಮಾತ್ರ ತಪ್ಪು ಕಡೆಗೆ. ಅಂಗಡಿಯಲ್ಲಿ ನನ್ನ ಕಣ್ಣೆಲ್ಲ ತಕ್ಕಡಿ ಮೇಲಿತ್ತು!

"ತಿರುಗಿಸಿ ಇಟ್ರೆ ಬಲಗೈ ಆಗಲ್ವಾ?"

"ದೇವರಿಗೆ ತಗಡಿನ ಒಳಮೈ ತೋರಿಸ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

ಎಡಗೈಯಲ್ಲಿ ಪ್ರಸಾದ ಕೂಡ ತೆಗೆದುಕೊಳ್ಳದ ಜನ ನಾವು. ದೇವರಿಗೇ ಎಡಗೈ ಒಪ್ಪಿಸುವುದೇ? ನಾಳೆಯೇ ಬದಲಾಯಿಸಿ ತರುತ್ತೇನೆ ಅಂತ ಎದ್ದೆ.

"ಕೂತ್ಕೋ," ಅಂದಳು ಅಕ್ಕ. ಬೆಳ್ಳಿಯ ಕೈಯನ್ನು ತನ್ನ ಎಡಗೈ ಮೇಲಿಟ್ಟುಕೊಂಡಿದ್ದಳು. "ಬಿದ್ದ ದಿನದಿಂದ ತಲೆ ಬಾಚಿದ್ದು, ಅನ್ನ ಕಲಸಿದ್ದು, ಸೆರಗು ಸರಿ ಮಾಡಿದ್ದು ಎಲ್ಲ ಇದೇ. ನೋಯ್ತು ಅಂತ ಒಂದು ದಿನ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಕೆಲಸ ಮುಗಿದ ಮೇಲೆ ಪೇಮೆಂಟ್ ಅಂದ್ಯಲ್ಲ? ಕೆಲಸ ಮಾಡಿರೋ ಕೈ ಇದು. ಇದೇ ಮೊದಲು ಸಲ್ಲಲಿ. ಬಲಗೈದು ವಾಸಿಯಾದ ಮೇಲೆ, ನಿನ್ನ ಗ್ರೀಕರ ಹಾಗೆ."

ಚೌಕಾಸಿ ಮಾಡದೆ ಕೂತೆ. (ಅಪರೂಪ, ಬರೆದಿಟ್ಟುಕೊಳ್ಳಿ.)

ಸೋಮವಾರ ಗುಡಿಗೆ ಹೋದೆವು. ಅರ್ಚಕರು ತಟ್ಟೆ ನೋಡಿದರು, ಅಕ್ಕನ ಮುಖ ನೋಡಿದರು, ಒಳಗೆ ಒಯ್ದರು. ಅಕ್ಕನ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಚೆಂಡು ಬಿಟ್ಟಿಲ್ಲ ಅವಳು. (ನೀವೂ ಬಿಡಬೇಡಿ. ಹರಕೆ ಹೊತ್ತರೂ ಡಾಕ್ಟರ್ ಹೇಳಿದ ವ್ಯಾಯಾಮ ತಪ್ಪಿಸಬಾರದು.)

ದೇವರನ್ನು ಹುಡುಕುವುದು ಇರಲಿ. ನಿಮ್ಮ ಮನೆಯ ಎಡಗೈ ಯಾರು ಅಂತ ಯಾವತ್ತಾದರೂ ನೋಡಿದ್ದೀರಾ?